ದಧೀಚಿಯಲ್ಲದವರ ದಾನ

ದಾನವೆಂದರೆ ಕಳೆದುಕೊಳ್ಳುವುದು ಎಂಬ ಎಣಿಕೆ ನಮ್ಮ ಮನಸ್ಸಿನಲ್ಲಿ ಬಹಳ ಆಳಕ್ಕೆ ಇಳಿದಿದೆ. ಕೊಟ್ಟವನಿಗೆ ಎಷ್ಟು ನೋವಾಯಿತೋ ಕೊಟ್ಟದ್ದಕ್ಕೆ ಅಷ್ಟು ಬೆಲೆ. ಕರ್ಣ ಮೈಗೆ ಅಂಟಿ ಹುಟ್ಟಿದ ಕವಚವನ್ನು ಸುಲಿದು ಕೊಟ್ಟ; ಶಿಬಿ ತನ್ನ ಮಾಂಸವನ್ನು ತಾನೇ ಕೊಯ್ದು ತಕ್ಕಡಿಗೆ ಹಾಕಿದ; ದಧೀಚಿಯಂತೂ ಪ್ರಾಣವನ್ನೇ ಬಿಟ್ಟು ಮೂಳೆಗಳನ್ನು ದೇವತೆಗಳಿಗೆ ಒಪ್ಪಿಸಿದ. ಆ ಮೂಳೆಯಿಂದ ವಜ್ರಾಯುಧವಾಯಿತು, ವೃತ್ರ ಸತ್ತ. ಈ ಕಥೆಗಳನ್ನು ಕೇಳಿ ಬೆಳೆದವರಿಗೆ ನೋವಿಲ್ಲದ ದಾನ ದಾನವೇ ಅಲ್ಲವೆಂದು ತೋರಿದರೆ ಆಶ್ಚರ್ಯವೇನು? ಹರಿದ ಸೀರೆಯನ್ನು ಮನೆಗೆಲಸದವಳ ಕೈಗಿಟ್ಟು ದಾನ ಮಾಡಿದೆನೆಂದು ಹೇಳಿಕೊಳ್ಳುವವರನ್ನು ಕಂಡು ನಾವು ಒಳಗೊಳಗೇ ನಗುವುದು ಈ ಕಾರಣದಿಂದಲೇ.

ಈ ಎಣಿಕೆಗೆ ಶ್ರುತಿಯ ಬೆಂಬಲವೂ ಉಂಟು. ಕಠೋಪನಿಷತ್ತು ಆರಂಭವಾಗುವುದೇ ಒಂದು ಕೆಟ್ಟ ದಾನದಿಂದ. ನಚಿಕೇತನ ತಂದೆ ಸರ್ವಸ್ವವನ್ನೂ ಕೊಡಬೇಕಾದ ಯಜ್ಞ ಮಾಡಿ, ಇನ್ನು ಹುಲ್ಲು ಮೇಯಲಾರದ, ನೀರು ಕುಡಿಯಲಾರದ, ಹಾಲು ಬತ್ತಿದ, ಕರು ಹಾಕುವ ಶಕ್ತಿ ಕಳೆದ ಹಸುಗಳನ್ನು ಬ್ರಾಹ್ಮಣರಿಗೆ ಹೊಡೆಯುತ್ತಾನೆ. ಹುಡುಗನ ಕಣ್ಣಿಗೆ ಇದು ಬೀಳುತ್ತದೆ. ಇಂಥ ದಾನ ಮಾಡಿದವನಿಗೆ ಎಂಥ ಲೋಕ ದೊರೆತೀತು ಎಂದು ಅವನು ಅಳುಕುತ್ತಾನೆ. ಹಾಗಾದರೆ ನನ್ನನ್ನು ಯಾರಿಗೆ ಕೊಡುತ್ತೀ ಎಂದು ತಂದೆಯನ್ನು ಕಾಡುತ್ತಾನೆ. ಯಮನ ಬಾಗಿಲಿನವರೆಗೆ ಹೋಗುವ ಆ ದೊಡ್ಡ ಸಂವಾದಕ್ಕೆಲ್ಲ ಮೂಲ, ತನಗೆ ಬೇಡವಾದದ್ದನ್ನು ಇನ್ನೊಬ್ಬನಿಗೆ ಸಾಗಹಾಕುವ ಈ ಸಣ್ಣತನ.

ಹಾಗಾದರೆ ತನಗೆ ಬೇಡವಾದದ್ದನ್ನು ಕೊಡುವುದು ಎಂದೆಂದಿಗೂ ಸಣ್ಣತನವೇ? ಈ ಪ್ರಶ್ನೆಯನ್ನು ನಾನು ಎತ್ತುತ್ತಿರುವುದು ಉಪನಿಷತ್ತಿನ ಸಲುವಾಗಿ ಅಲ್ಲ. ಇಂದಿನ ಆಸ್ಪತ್ರೆಗಳಲ್ಲಿ ನಡೆಯುವ ಒಂದು ದಾನದ ಸಲುವಾಗಿ. ಅದೂ ಮೂಳೆಯ ದಾನವೇ. ಆದರೆ ಕೊಡುವವರು ದಧೀಚಿಗಳಲ್ಲ. ಸೊಂಟದ ನೋವಿನಿಂದ ನರಳಿ, ಶಸ್ತ್ರಚಿಕಿತ್ಸೆಗೆ ಬಂದು ಮಲಗಿದ ಸಾಮಾನ್ಯ ಜನ. ಕೊಡುವುದೂ ಬೆನ್ನೆಲುಬನ್ನಲ್ಲ, ಹೇಗಿದ್ದರೂ ಕತ್ತರಿಸಿ ಎಸೆಯಬೇಕಾಗಿದ್ದ ಒಂದು ಗುಂಡು ಮೂಳೆಯನ್ನು.

ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ತೊಡೆಮೂಳೆಯ ಮೇಲ್ತುದಿ ಒಂದು ಗುಂಡು; ಸೊಂಟದ ಮೂಳೆಯಲ್ಲಿ ಅದಕ್ಕೆ ಸರಿಯಾಗಿ ಒಂದು ಬಟ್ಟಲು. ಗುಂಡು ಬಟ್ಟಲಿನಲ್ಲಿ ಸುಗಮವಾಗಿ ತಿರುಗುವವರೆಗೆ ನಮಗೆ ಅದರ ಇರವೇ ತಿಳಿಯದು. ಸವೆದಾಗ ತಿಳಿಯುತ್ತದೆ. ಚಕ್ಕಳ ಮಕ್ಕಳ ಕೂರಲಾಗುವುದಿಲ್ಲ, ಮೆಟ್ಟಿಲು ಹತ್ತಲಾಗುವುದಿಲ್ಲ, ರಾತ್ರಿ ಮಗ್ಗುಲು ಬದಲಾಯಿಸಲಾಗುವುದಿಲ್ಲ. ಇದಕ್ಕೆ ಇಂದು ಎಲ್ಲ ನಗರಗಳಲ್ಲಿಯೂ ನಡೆಯುವ ಪರಿಹಾರವನ್ನು ಒಂದು ನೆಲೆಗೆ ತಂದವನು ಇಂಗ್ಲೆಂಡಿನ ರೈಟಿಂಗ್‌ಟನ್ ಆಸ್ಪತ್ರೆಯ ಜಾನ್ ಚಾರ್ನ್ಲಿ. ಸವೆದ ಗುಂಡನ್ನು ಕತ್ತರಿಸಿ ತೆಗೆದು, ಅದರ ಜಾಗದಲ್ಲಿ ಕಾಂಡಕ್ಕೆ ಕೂಡಿಸಿದ ಉಕ್ಕಿನ ಗುಂಡು. ಬಟ್ಟಲಿನ ಜಾಗದಲ್ಲಿ ಪ್ಲಾಸ್ಟಿಕ್ ಬಟ್ಟಲು. ಎರಡನ್ನೂ ಮೂಳೆಗೆ ಹಿಡಿದಿಡಲು ಒಂದು ಬಗೆಯ ಗಾರೆ. 1962ರ ನವೆಂಬರಿನಿಂದ ಅವನು ಬಳಸತೊಡಗಿದ ಪಾಲಿಥೀನ್ ಬಟ್ಟಲು ನಿಂತಿತು. ಅದಕ್ಕೆ ಮೊದಲು ಟೆಫ್ಲಾನ್ ಎಂಬ ಪದಾರ್ಥದಲ್ಲಿ ಮಾಡಿದ ಬಟ್ಟಲುಗಳು ಕೆಲವೇ ವರ್ಷಗಳಲ್ಲಿ ಸವೆದು ಪುಡಿಯುದುರಿಸಿ ಸುತ್ತಲಿನ ಅಂಗಾಂಶವನ್ನು ಕೆಡಿಸಿದ್ದುವು. ಆ ಪುಡಿ ಮೈಯಲ್ಲಿ ಏನು ಮಾಡುತ್ತದೆಂದು ಅರಿಯಲು ಚಾರ್ನ್ಲಿ ತನ್ನ ತೊಡೆಯೊಳಗೇ ಅದನ್ನು ಸೇರಿಸಿಕೊಂಡು ನೋಡಿದನಂತೆ ಎಂದಲ್ಲ, ನೋಡಿಯೇ ನೋಡಿದ. ವೈದ್ಯನ ಪ್ರಾಮಾಣಿಕತೆ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಇದೊಂದು ಗುರುತು. ತನ್ನ ರೋಗಿಗಳನ್ನು ಅವನು ಇನ್ನೊಂದನ್ನೂ ಬೇಡಿದ: ನೀವು ಸತ್ತ ಮೇಲೆ ನಾನು ಕೂರಿಸಿದ ಕೀಲನ್ನು ತೆಗೆದು ಪರೀಕ್ಷಿಸಲು ಒಪ್ಪಿಗೆ ಕೊಡಿ ಎಂದು. ಅನೇಕರು ಕೊಟ್ಟರು. ಇದೂ ನಾವು ಮಾತಾಡುತ್ತಿರುವ ದಾನದ ಜಾತಿಗೇ ಸೇರಿದ್ದು.

ಪಾಲಿಥೀನ್ ನಿಂತಿತು ಎಂದೆ. ಆದರೆ ಶಾಶ್ವತವಾಗಿ ಅಲ್ಲ. ಹತ್ತಾರು ವರ್ಷ ನಡೆದಾಡಿದ ಮೇಲೆ ಅದೂ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿ ಉದುರುತ್ತದೆ. ದೇಹದ ಕಾವಲುಗಾರ ಕಣಗಳು ಆ ಧೂಳನ್ನು ನುಂಗಿ ಕೆರಳುತ್ತವೆ. ಆ ಕೆರಳಿಕೆಯಲ್ಲಿ ಕೀಲಿನ ಸುತ್ತಲ ಮೂಳೆಯೇ ಕರಗುತ್ತದೆ. ಹೊಸ ಕೀಲು ಸಡಿಲವಾಗುತ್ತದೆ. ಗೆದ್ದಲು ಹಿಡಿದ ತೊಲೆಗೆ ಮೊಳೆ ಹೊಡೆದಂತೆ, ಎರಡನೆಯ ಕೀಲನ್ನು ಕೂರಿಸೋಣವೆಂದರೆ ಆಧಾರವೇ ಇಲ್ಲ. ಇಂಥ ಎಡೆಯಲ್ಲಿ ಮೂಳೆಯ ಕೊರೆಯನ್ನು ಮೂಳೆಯಿಂದಲೇ ತುಂಬುವ ಉಪಾಯವನ್ನು ಹಾಲೆಂಡಿನ ನೈಮೇಖನ್ ನಗರದ ಸ್ಲೂಫ್ ಮತ್ತು ಅವನ ಜೊತೆಯವರು 1984ರಲ್ಲಿ ಬಟ್ಟಲಿನ ಭಾಗಕ್ಕೆ ವಿವರಿಸಿದರು. ಇಂಗ್ಲೆಂಡಿನ ಎಕ್ಸೆಟರಿನ ವೈದ್ಯರು 1993ರಲ್ಲಿ ತೊಡೆಮೂಳೆಯ ಭಾಗದ ಅನುಭವವನ್ನು ಪ್ರಕಟಿಸಿದರು. ಕೆಲಸ ನೋಡಲು ಬಡಗಿಯದೋ ಗಾರೆಯವನದೋ ಎಂಬಂತೆ ಇರುತ್ತದೆ. ಮೂಳೆಯನ್ನು ಸಣ್ಣ ಚೂರುಗಳಾಗಿ ಮಾಡಿ, ಬರಿದಾದ ಪೊಳ್ಳಿಗೆ ತುಂಬಿ, ಸುತ್ತಿಗೆಯಿಂದ ಬಡಿದು ಬಡಿದು ಗಟ್ಟಿ ಮಾಡುತ್ತಾರೆ. ಅದರ ಮೇಲೆ ಗಾರೆ. ಗಾರೆಯ ಮೇಲೆ ಹೊಸ ಕೀಲು. ಒಂದು ಸೊಂಟಕ್ಕೆ ಒಂದು ಗುಂಡಿನ ಚೂರು ಸಾಲದೆ ಎರಡು ಮೂರು ಬೇಕಾಗುವುದೂ ಉಂಟು. ಲೋಹದ ತುಂಡುಗಳಿಂದ ಪೊಳ್ಳು ತುಂಬುವ ಬೇರೆ ದಾರಿಗಳೂ ಈಗ ಬಂದಿವೆ. ಯಾವುದು ಯಾರಿಗೆ ಸರಿ ಎಂಬುದು ವೈದ್ಯರಿಗೆ ಬಿಟ್ಟದ್ದು. ರೋಗಿಯ ಸೊಂಟದ ಏಣಿನಿಂದಲೇ ಮೂಳೆ ತೆಗೆಯಬಹುದು. ಆದರೆ ಅದು ಹೆಚ್ಚು ಸಿಗುವುದಿಲ್ಲ, ತೆಗೆದ ಜಾಗ ಬಹುಕಾಲ ನೋಯುತ್ತದೆ.

ಹಾಗಾದರೆ ಮೂಳೆ ಎಲ್ಲಿಂದ? ಸತ್ತವರಿಂದ ಬರುವುದುಂಟು. ಆದರೆ ಬಹುಪಾಲು ಕಡೆ ಅದು ಬರುವುದು ಪಕ್ಕದ ಮಂಚದಿಂದ. ಇಂದು ಮೊದಲ ಬಾರಿಗೆ ಕೀಲು ಬದಲಾಯಿಸಿಕೊಳ್ಳುವವನ ತೊಡೆಯಿಂದ ಕತ್ತರಿಸಿದ ಗುಂಡು, ಸುಮಾರು ಐದು ಸೆಂಟಿಮೀಟರ್ ಅಡ್ಡಳತೆಯದು, ದೊಡ್ಡ ನಿಂಬೆಹಣ್ಣಿನ ಗಾತ್ರದ್ದು. ಸೋಂಕು, ಅರ್ಬುದ ಮೊದಲಾದ ದೋಷಗಳಿಲ್ಲದಿದ್ದರೆ ಮೂಳೆಯ ಬ್ಯಾಂಕು ಅದನ್ನು ತೆಗೆದುಕೊಂಡು ಮೈನಸ್ 80 ಡಿಗ್ರಿಯಷ್ಟು ಶೈತ್ಯದಲ್ಲಿಡುತ್ತದೆ. ಹಾಗೆ ತೆಗೆದುಕೊಳ್ಳುವ ವ್ಯವಸ್ಥೆ ಇಲ್ಲದ ಕಡೆ ಅದು ಆಸ್ಪತ್ರೆಯ ಕಸದೊಡನೆ ಬೂದಿಯಾಗುತ್ತದೆ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಎರಡನೆಯ ಬಾರಿ ಶಸ್ತ್ರಚಿಕಿತ್ಸೆಗೆ ಬಂದು, ಇನ್ನೊಬ್ಬರ ಮೂಳೆಗಾಗಿ ಕಾದು ಮಲಗಿರುವ ಈ ಮನುಷ್ಯನೂ ಹದಿನೈದು ಇಪ್ಪತ್ತು ವರ್ಷದ ಹಿಂದೆ ಮೊದಲ ಬಾರಿ ಬಂದಿದ್ದ. ಅಂದು ಅವನ ತೊಡೆಯಿಂದಲೂ ಇಂಥದೇ ಒಂದು ಗುಂಡನ್ನು ತೆಗೆದರು. ಅದೇನಾಯಿತೆಂದು ಅವನು ಕೇಳಲಿಲ್ಲ. ಅವನಿಗೆ ಯಾರೂ ಹೇಳಲೂ ಇಲ್ಲ. ಕ್ಷೌರದಂಗಡಿಯಲ್ಲಿ ಉದುರಿದ ಕೂದಲನ್ನು ನಾವು ವಿಚಾರಿಸುತ್ತೇವೆಯೆ? ಹಾಗೆ.

ಈಗ ನಚಿಕೇತನನ್ನು ಕರೆಯೋಣ. ಈ ಗುಂಡು ಹಾಲು ಬತ್ತಿದ ಹಸುವೆ? ಕೊಡುವವನಿಗೆ ಬೇಡವಾದದ್ದು ಎನ್ನುವುದರಲ್ಲಿ ಎರಡೂ ಒಂದೇ. ಆದರೆ ಆ ಹಸು ಪಡೆದವನಿಗೂ ಬೇಡವಾದದ್ದು; ಅವನ ತಲೆಗೆ ಕಟ್ಟಿದ ಹೊರೆ. ಕೊಟ್ಟವನಿಗೋ ಯಜ್ಞದ ಪುಣ್ಯ ಬೇಕು, ಹಾಲು ಕರೆಯುವ ಹಸುವೂ ಬೇಕು. ಅವನ ದಾನದಲ್ಲಿದ್ದ ಕೇಡು ಬೆಲೆಯಿಲ್ಲದ ವಸ್ತುವನ್ನು ಕೊಟ್ಟದ್ದಷ್ಟೇ ಅಲ್ಲ, ಬೆಲೆಯಿಲ್ಲದ್ದನ್ನು ಬೆಲೆಯುಳ್ಳದ್ದೆಂದು ತೋರಿಸಿದ್ದು. ಸುಳ್ಳು ಅಲ್ಲಿದೆ. ಮೂಳೆಯ ವಿಷಯದಲ್ಲಿ ಇದು ತಿರುಗುಮುರುಗಾಗಿದೆ: ಕೊಡುವವನಿಗೆ ಏನೇನೂ ಬೆಲೆಯಿಲ್ಲ, ಪಡೆಯುವವನಿಗೆ ನಡಿಗೆಯೇ ಅದರಲ್ಲಿದೆ. ದಾನವನ್ನು ಅಳೆಯಲು ಎರಡು ಕೊಳಗಗಳುಂಟು. ಒಂದು ಕೊಟ್ಟವನ ಕೈ ಎಷ್ಟು ಬರಿದಾಯಿತೆಂದು ನೋಡುತ್ತದೆ, ಇನ್ನೊಂದು ಪಡೆದವನ ಕೈ ಎಷ್ಟು ತುಂಬಿತೆಂದು. ನಮ್ಮ ಪುರಾಣಗಳು ಮೊದಲನೆಯದನ್ನೇ ಮೆರೆಸಿದುವು. ಕಥೆಗೆ ಅದು ಒಳ್ಳೆಯದು. ಹಸಿದವನಿಗೆ ಎರಡನೆಯದೇ ಒಳ್ಳೆಯದು.

ಇಷ್ಟು ಹೇಳಿ ಬಿಟ್ಟರೆ ಇದು ವ್ಯಾಪಾರಿಯ ತರ್ಕವಾಗುತ್ತದೆ. ಉಪಯೋಗವೇ ಎಲ್ಲ, ಕೊಡುವವನ ಮನಸ್ಸಿಗೆ ಸ್ಥಾನವಿಲ್ಲ ಎಂದಾಗುತ್ತದೆ. ನನ್ನ ಅಭಿಪ್ರಾಯ ಹಾಗಲ್ಲ. ಈ ದಾನದಲ್ಲಿ ಕೊಡುವವನು ನಿಜವಾಗಿ ಕೊಡುವ ವಸ್ತುವೊಂದಿದೆ, ಅದು ಮೂಳೆಯಲ್ಲ ಎಂದು ನಾನು ತಿಳಿದಿದ್ದೇನೆ.

ಬ್ಯಾಂಕಿನವರು ಅವನನ್ನು ಪ್ರಶ್ನೆಗಳಿಂದ ಜಾಲಾಡುತ್ತಾರೆ. ಹಿಂದೆ ಯಾವ ಕಾಯಿಲೆ ಬಂದಿತ್ತು, ರಕ್ತ ಹಾಕಿಸಿಕೊಂಡಿದ್ದೀರಾ, ಚುಚ್ಚಿಕೊಳ್ಳುವ ಮಾದಕ ವಸ್ತುವಿನ ಅಭ್ಯಾಸವುಂಟೆ, ನಿಮ್ಮ ದಾಂಪತ್ಯದ ಆಚೆಯ ಸಂಬಂಧಗಳೇನು? ಅರುವತ್ತೈದು ವರ್ಷದ ಗೃಹಸ್ಥನನ್ನು, ಸೊಸೆ ಬಾಗಿಲಲ್ಲಿ ನಿಂತಿರುವಾಗ, ಇವನ್ನೆಲ್ಲ ಕೇಳಿದರೆ ಅವನಿಗೆ ಹೇಗಾಗಬೇಡ! ರಕ್ತ ತೆಗೆಯುತ್ತಾರೆ, ಎಚ್‌ಐವಿ, ಎರಡು ಬಗೆಯ ಕಾಮಾಲೆ, ಸಿಫಿಲಿಸ್ ಇವುಗಳಿಗೆ ಪರೀಕ್ಷೆ ಮಾಡುತ್ತಾರೆ. ಅನೇಕ ಬ್ಯಾಂಕುಗಳಲ್ಲಿ ಅಷ್ಟಕ್ಕೂ ಮುಗಿಯದು. ಮೂಳೆಯನ್ನು ಆರು ತಿಂಗಳು ಮುಟ್ಟದೆ ಇಟ್ಟು, ಕೊಟ್ಟವನನ್ನು ಮತ್ತೆ ಕರೆಸಿ, ಮತ್ತೆ ರಕ್ತ ನೋಡಿ, ಆಮೇಲೆ ಅದನ್ನು ಬಳಕೆಗೆ ಬಿಡುತ್ತಾರೆ. ರೋಗಾಣುವಿನ ಗುರುತನ್ನೇ ನೇರವಾಗಿ ಹಿಡಿಯುವ ಹೊಸ ಪರೀಕ್ಷೆ ಇರುವ ಕಡೆ ಈ ಎರಡನೆಯ ಬರವು ತಪ್ಪುತ್ತದೆ.

ಇಷ್ಟು ಅನುಮಾನವೇಕೆ? ಕಾರಣವಿದೆ. 1985ರಲ್ಲಿ ಅಮೆರಿಕದಲ್ಲಿ ಗುಂಡೇಟಿನಿಂದ ಸತ್ತ ಯುವಕನೊಬ್ಬನ ಅಂಗಗಳನ್ನೂ ಮೂಳೆಗಳನ್ನೂ ಹಲವರಿಗೆ ಹಂಚಿದರು. ಆಗಿನ ಪರೀಕ್ಷೆಯಲ್ಲಿ ಅವನ ರಕ್ತ ಶುದ್ಧವಾಗಿತ್ತು. ಸೋಂಕು ಬಹಳ ಹೊಸದಾದ್ದರಿಂದ ಪರೀಕ್ಷೆಗೆ ಸಿಕ್ಕಿರಲಿಲ್ಲ. 1991ರಲ್ಲಿ ವಿಷಯ ಹೊರಬಿತ್ತು. ಅಂಗಗಳನ್ನು ಪಡೆದ ನಾಲ್ವರಿಗೂ, ಯಾವ ಸಂಸ್ಕಾರವನ್ನೂ ಮಾಡದೆ ಹಾಗೆಯೇ ಶೈತ್ಯದಲ್ಲಿಟ್ಟಿದ್ದ ಮೂಳೆಯನ್ನು ಪಡೆದವರಲ್ಲಿ ಮೂವರಿಗೂ ಎಚ್‌ಐವಿ ತಗುಲಿತ್ತು. ಸತ್ತವನನ್ನು ಆರು ತಿಂಗಳ ಮೇಲೆ ಮತ್ತೆ ಕರೆದು ಕೇಳಲಾಗದು. ಬದುಕಿರುವ ದಾನಿಯ ಹೆಚ್ಚುಗಾರಿಕೆ ಇಲ್ಲಿದೆ: ಅವನು ಮತ್ತೆ ಬರಬಲ್ಲ, ಮತ್ತು ನಿಜ ಹೇಳಬಲ್ಲ.

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರು ಎಂದು ನಮ್ಮಲ್ಲಿ ಗಾದೆ. ಬಿಟ್ಟಿ ಸಿಕ್ಕಿದ್ದನ್ನು ಅಳೆಯುವವನ ಹೀನಬುದ್ಧಿಯನ್ನು ಅದು ಹಾಸ್ಯ ಮಾಡುತ್ತದೆ. ಈ ವ್ಯವಹಾರದಲ್ಲಿ ಮಾತ್ರ ಮೊಳ ಹಾಕುವುದೇ ಧರ್ಮ. ಹಾಕಿಸಿಕೊಳ್ಳುವುದೂ ಧರ್ಮ. ತನ್ನ ಮೂಳೆಯನ್ನು ಕೊಡುವುದರಲ್ಲಿ ಆ ಗೃಹಸ್ಥನಿಗೆ ಯಾವ ನಷ್ಟವೂ ಇಲ್ಲ. ಆದರೆ ಮುಖ ಕೆಂಪಾಗುವ ಪ್ರಶ್ನೆಗೆ ನೇರ ಉತ್ತರ ಕೊಡುವುದರಲ್ಲಿ, ಇಲ್ಲವೆ, ಉತ್ತರ ಕೊಡಲು ಮನಸ್ಸಿಲ್ಲದಿದ್ದರೆ ನನ್ನ ಮೂಳೆ ಬೇಡ ಎಂದು ತಾನಾಗಿ ಹಿಂದೆ ಸರಿಯುವುದರಲ್ಲಿ, ಅವನು ಏನನ್ನೋ ಕೊಡುತ್ತಾನೆ. ತಾನೆಂದೂ ಕಾಣದ ಒಬ್ಬರ ಸಲುವಾಗಿ ತನ್ನ ಮರ್ಯಾದೆಯ ಒಂದು ಚೂರನ್ನು ಕೊಡುತ್ತಾನೆ. ಕೊಡಲಾರದವನು ಸುಮ್ಮನೆ ಹಿಂದೆ ಸರಿದರೂ ಅದೂ ಒಂದು ಕೊಡುಗೆಯೇ ಎನ್ನುವ ವಿಚಿತ್ರ ಈ ದಾನದಲ್ಲಿದೆ. ಕರ್ಣನ ಕಥೆಯಲ್ಲಿ ಇಂಥದಕ್ಕೆ ಎಡೆಯಿಲ್ಲ.

ಮೂಳೆ ಮುಖ್ಯವಲ್ಲ, ಅದರೊಡನೆ ಬರುವ ಒಪ್ಪಿಗೆ ಮತ್ತು ನಿಜ ಮುಖ್ಯ ಎಂಬ ಮಾತು ಯಾರಿಗಾದರೂ ಅತಿಯೆಂದು ತೋರಿದರೆ, ಆಲಿಸ್ಟೇರ್ ಕುಕ್‌ನ ಕಥೆಯನ್ನು ನೆನೆಯಬಹುದು. ಬಿ.ಬಿ.ಸಿ.ಯಲ್ಲಿ 1946ರಿಂದ 2004ರವರೆಗೆ ಅಮೆರಿಕದಿಂದ ವಾರವಾರವೂ ಪತ್ರವೊಂದನ್ನು ಓದುತ್ತಿದ್ದವನು ಅವನು. ಇಂಗ್ಲಿಷ್ ರೇಡಿಯೋ ಕೇಳುವ ಅಭ್ಯಾಸವಿದ್ದ ನಮ್ಮ ಹಿರಿಯರು ಕೆಲವರಿಗೆ ಆ ದನಿ ಪರಿಚಿತ. 2004ರ ಮಾರ್ಚ್ 30ರಂದು ನ್ಯೂಯಾರ್ಕಿನಲ್ಲಿ, 95 ವರ್ಷದವನಾಗಿ, ಪುಪ್ಪುಸದ ಕ್ಯಾನ್ಸರಿನಿಂದ ಸತ್ತ. ಕ್ಯಾನ್ಸರು ಮೂಳೆಗೂ ಹಬ್ಬಿತ್ತು. ಮಕ್ಕಳು ಬೂದಿಯನ್ನು ಪಡೆದುಕೊಂಡರು. ಒಂದೂವರೆ ವರ್ಷದ ಮೇಲೆ ಪೋಲೀಸರಿಂದ ಸುದ್ದಿ ಬಂತು: ಸುಡುವ ಮೊದಲು ಶವದಿಂದ ಮೂಳೆಗಳನ್ನು ಕದ್ದು ಮಾರಿದ್ದರು. ಕಾಗದಗಳಲ್ಲಿ ವಯಸ್ಸನ್ನು 85 ಎಂದೂ ಸಾವಿನ ಕಾರಣವನ್ನು ಹೃದಯಾಘಾತವೆಂದೂ ಬರೆದಿದ್ದರು. ಶವಸಂಸ್ಕಾರದ ಮನೆಗಳೊಡನೆ ಸೇರಿಕೊಂಡು ಈ ವ್ಯಾಪಾರ ನಡೆಸುತ್ತಿದ್ದವನು ಹಿಂದೆ ದಂತವೈದ್ಯನಾಗಿದ್ದವನು. ಇಂಥ ನೂರಾರು ಶವಗಳಿಂದ ಮೂಳೆ, ಚರ್ಮ, ಸ್ನಾಯುರಜ್ಜುಗಳನ್ನು ತೆಗೆದಿದ್ದರು. ಕೆಲವು ಶವಗಳಲ್ಲಿ ಮೂಳೆಯಿದ್ದ ಜಾಗಕ್ಕೆ ನೀರಿನ ಕೊಳವೆಯ ಪ್ಲಾಸ್ಟಿಕ್ ಪೈಪು ತುರುಕಿ ಹೊಲಿದಿದ್ದರು. ಅವನಿಗೆ 2008ರಲ್ಲಿ ದೀರ್ಘ ಸೆರೆವಾಸವಾಯಿತು.

ಈ ಕಥೆ ಕೇಳಿ ನಮಗೆ ಹೊಟ್ಟೆ ತೊಳಸುವುದು ಏಕೆ? ಕ್ಯಾನ್ಸರಿನ ಮೂಳೆಯಿಂದ ಅಪಾಯವಿತ್ತು ಎಂಬುದೊಂದು. ಆದರೆ ಮೂಳೆ ಶುದ್ಧವಾಗಿದ್ದರೂ, ಅದರಿಂದ ನಾಲ್ಕಾರು ಜನ ಎದ್ದು ನಡೆದಾಡಿದ್ದರೂ ತೊಳಸುತ್ತಿರಲಿಲ್ಲವೆ? ಕುಕ್‌ಗೆ ನಷ್ಟವೇನು, ಹೇಗಿದ್ದರೂ ಸುಟ್ಟು ಬೂದಿಯಾಗುತ್ತಿತ್ತು ಎಂದು ವಾದಿಸುವವನ ಮುಖವನ್ನು ನಾವು ಎರಡನೆಯ ಬಾರಿ ನೋಡಲು ಬಯಸುವುದಿಲ್ಲ. ಆಸ್ಪತ್ರೆಯ ಬೆಂಕಿಗೆ ಹೋಗುವ ಗುಂಡುಮೂಳೆ, ಸ್ಮಶಾನದ ಬೆಂಕಿಗೆ ಹೋಗುವ ತೊಡೆಮೂಳೆ, ಎರಡೂ ಬೇಡವಾದವೇ. ಒಂದನ್ನು ಕೇಳಿ ಪಡೆದರು, ಒಂದನ್ನು ಕೇಳದೆ ತೆಗೆದರು. ವ್ಯತ್ಯಾಸ ಇಷ್ಟೇ, ಒಂದು "ಹೂಂ". ಎಲುಬಿಲ್ಲದ ನಾಲಗೆ ಎಂದು ಮಾತನ್ನು ಹಗುರ ಮಾಡುತ್ತೇವೆ. ಇಲ್ಲಿ ಎಲುಬಿನ ಗೌರವವೆಲ್ಲ ನಿಂತಿರುವುದು ಆ ಎಲುಬಿಲ್ಲದ ನಾಲಗೆಯ ಮೇಲೆ.

ಆ ಹೂಂಕಾರವನ್ನು ನಾವು ಹೇಗೆ ಪಡೆಯುತ್ತೇವೆ ಎಂಬುದು ಮುಂದಿನ ಪ್ರಶ್ನೆ, ಮತ್ತು ನನಗೆ ಹೆಚ್ಚು ಕಳವಳ ತರುವ ಪ್ರಶ್ನೆ. ಮನುಷ್ಯರಲ್ಲಿ ಒಬ್ಬರ ಮೂಳೆಯನ್ನು ಇನ್ನೊಬ್ಬರಿಗೆ ಕೂಡಿಸಿದ ಮೊದಲ ಪ್ರಸಿದ್ಧ ಪ್ರಯತ್ನ 1880ರ ಸುಮಾರಿಗೆ ಗ್ಲ್ಯಾಸ್ಗೋ ನಗರದಲ್ಲಿ ನಡೆಯಿತು. ವಿಲಿಯಂ ಮೆಕ್ಯೂಅನ್ ಎಂಬ ಶಸ್ತ್ರವೈದ್ಯ, ಸೋಂಕಿನಿಂದ ತೋಳಿನ ಮೂಳೆಯನ್ನೇ ಕಳೆದುಕೊಂಡಿದ್ದ ಪುಟ್ಟ ಹುಡುಗನೊಬ್ಬನಿಗೆ, ಬೇರೆ ಮಕ್ಕಳ ಸೊಟ್ಟ ಕಾಲನ್ನು ನೆಟ್ಟಗೆ ಮಾಡುವಾಗ ಕತ್ತರಿಸಿ ತೆಗೆದ ಮೂಳೆಯ ಚೂರುಗಳನ್ನು ಇಟ್ಟ. ತೋಳು ಬೆಳೆಯಿತು, ಹುಡುಗ ಅದರಿಂದ ಕೆಲಸ ಮಾಡಬಲ್ಲವನಾದ. ಗಮನಿಸಬೇಕು, ಈ ಚರಿತ್ರೆ ಮೊದಲಾದದ್ದೇ ಬಿಸಾಡುವ ಮೂಳೆಯಿಂದ. ಆ ಸೊಟ್ಟಕಾಲಿನ ಮಕ್ಕಳು ಬಡವರ ಮಕ್ಕಳು; ಬಿಸಿಲೂ ಸಾಕಷ್ಟು ಆಹಾರವೂ ಇಲ್ಲದೆ ಮೂಳೆ ಬಾಗಿದವರು. ತೋಳು ಪಡೆದ ಹುಡುಗನನ್ನು ವೈದ್ಯಕೀಯ ಗ್ರಂಥಗಳು ಇಂದಿಗೂ ನೆನೆಯುತ್ತವೆ. ಚೂರುಗಳನ್ನು ಕೊಟ್ಟವರು ಲೆಕ್ಕದಲ್ಲಿ ಬರಿಯ ಚೂರುಗಳಾಗಿಯೇ ಉಳಿದರು.

ಇಂದು ಹಾಗಿಲ್ಲ, ಕಾನೂನಿದೆ. ನಮ್ಮಲ್ಲಿ 1994ರ ಅಂಗ ಕಸಿ ಕಾಯಿದೆಗೆ 2011ರಲ್ಲಿ ತಿದ್ದುಪಡಿಯಾಗಿ ಅಂಗಾಂಶಗಳೂ ಅದರ ವ್ಯಾಪ್ತಿಗೆ ಬಂದುವು, ಮಾರಾಟ ಅಪರಾಧ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ 1988ರಿಂದ ಅಂಗಾಂಶ ಬ್ಯಾಂಕೊಂದು ಗಾಮಾ ಕಿರಣಗಳಿಂದ ಮೂಳೆಯನ್ನು ಶುದ್ಧಿಮಾಡಿ ಒದಗಿಸುತ್ತ ಬಂದಿದೆ. ಆದರೆ ಕಾನೂನು ಒಂದು ಸಹಿಯನ್ನು ಕೇಳಬಲ್ಲದು, ತಿಳಿವಳಿಕೆಯನ್ನು ತಂದುಕೊಡಲಾರದು. ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿ, ಹೊಟ್ಟೆಗಿಲ್ಲದೆ ಮಲಗಿದ ಮುದುಕಿಯ ಮುಂದೆ ಹತ್ತು ಇಂಗ್ಲಿಷ್ ಕಾಗದಗಳನ್ನು ಹಿಡಿದು, ಇಲ್ಲಿ ಹಾಕಿ, ಇಲ್ಲೊಂದು ಹಾಕಿ ಎಂದು ಅವಸರಪಡಿಸುವುದನ್ನು ಕಾಣದವರು ಯಾರು? ಆ ಹತ್ತರಲ್ಲಿ ಒಂಬತ್ತನೆಯದು ಮೂಳೆಯ ದಾನಪತ್ರವಾದರೆ, ಅವಳು ದಾನಿಯೆಂದು ಹೇಳಲು ನನಗೆ ನಾಲಗೆ ಏಳದು. ಅವಳಿಂದ ಮೂಳೆಯನ್ನು ಪಡೆದರು. ಒಪ್ಪಿಗೆಯನ್ನಲ್ಲ, ಬರಿಯ ಸಹಿಯನ್ನು ಪಡೆದರು. ಕೇಳುವುದಾದರೆ ಕೆಲವು ದಿನ ಮೊದಲೇ ಕೇಳಬೇಕು. ಅವಳ ಭಾಷೆಯಲ್ಲಿ ಕೇಳಬೇಕು. ಚಾಕು ಹಿಡಿಯುವ ಕೈಯವನೇ ಕೇಳಬಾರದು. ಯಾಕೆಂದರೆ ನಾಳೆ ತನ್ನನ್ನು ಕೊಯ್ಯುವವನಿಗೆ ಇಂದು ಒಲ್ಲೆ ಎನ್ನುವ ಧೈರ್ಯ ಯಾರಿಗುಂಟು? ಒಲ್ಲೆ ಎನ್ನಲು ಬರದ ಕಡೆ ಹೂಂ ಎಂಬ ಮಾತಿಗೆ ತೂಕವಿಲ್ಲ.

ಹಣದ ಮಾತೂ ಒಂದಿದೆ. ಕೊಟ್ಟವಳಿಗೆ ಕಾಸಿಲ್ಲ, ಪಡೆದವನ ಬಿಲ್ಲಿನಲ್ಲಿ ಮಾತ್ರ ಮೂಳೆಗೆ ಒಂದು ಸಾಲು ಇರುತ್ತದೆ. ಪರೀಕ್ಷೆ, ಶೈತ್ಯ, ಶುದ್ಧಿ ಇವುಗಳಿಗೆ ಖರ್ಚಿದೆ, ನಿಜ. ದೇವರ ಪ್ರಸಾದಕ್ಕೂ ಎಲೆಯ ಖರ್ಚಿರುತ್ತದೆ. ಎಲೆಯ ಹೆಸರಿನಲ್ಲಿ ಪ್ರಸಾದವನ್ನೇ ಮಾರದಂತೆ ಲೆಕ್ಕ ಬಯಲಿನಲ್ಲಿರಬೇಕು ಎಂದಷ್ಟೇ ಕೇಳಬಹುದು.

ಇನ್ನು ಪಡೆಯುವವನ ಮನಸ್ಸು. ಇದು ಕೊಡುವವನ ಮನಸ್ಸಿಗಿಂತ ಗೋಜಲು. ಕನ್ನಡದಲ್ಲಿ ನಾವು ಒಂದೇ ವಸ್ತುವಿಗೆ ಮೂಳೆ, ಎಲುಬು, ಅಸ್ಥಿ ಎಂದು ಹೇಳುತ್ತೇವೆ. ಆದರೆ ಮೂರೂ ಒಂದೇ ಅಲ್ಲ. ಮೂಳೆ ಮುರಿಯುತ್ತದೆ, ಎಲುಬು ಕಾಣುತ್ತದೆ, ಅಸ್ಥಿಯನ್ನು ಆರಿಸುತ್ತೇವೆ. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಅಸ್ಥಿಯನ್ನು ಬಿಟ್ಟು, ಮುಳುಗೆದ್ದು, ಹಿಂದಿರುಗಿ ನೋಡದೆ ಬರುವ ಜನ ನಾವು. ಅಂಥ ವಸ್ತುವನ್ನು, ಯಾರದೋ ಎಂದು ತಿಳಿಯದೆ, ಮೈಯೊಳಗೆ ಇರಿಸಿಕೊಳ್ಳುವುದೆಂದರೆ! ಗಂಡಸಿನದೋ ಹೆಂಗಸಿನದೋ, ಯಾವ ಜಾತಿಯವರದೋ, ಯಾವ ದೇವರಿಗೆ ಕೈಮುಗಿದವರದೋ? ಬ್ಯಾಂಕು ಹೇಳುವುದಿಲ್ಲ. ಹೇಳದಿರುವುದೇ ಅದರ ನಿಯಮ. ರಕ್ತ ಹಾಕಿಸಿಕೊಳ್ಳುವಾಗ ಇದೇ ಪ್ರಶ್ನೆ ನಮ್ಮ ತಾತಂದಿರ ಕಾಲದಲ್ಲಿ ಎದ್ದಿತ್ತು. ಈಗ ಯಾರೂ ಕೇಳುವುದಿಲ್ಲ. ರಕ್ತ ಹರಿದು ಹೋಗುತ್ತದೆ, ಮೂಳೆ ನಿಲ್ಲುತ್ತದೆ ಎಂಬುದರಿಂದ ಮನಸ್ಸು ಮತ್ತೆ ಕೇಳುತ್ತದೆಯೋ ಏನೋ.

ಆದರೆ ಮೂಳೆ ನಿಲ್ಲುತ್ತದೆಯೆ? ಇಲ್ಲಿ ವಿಜ್ಞಾನ ನಮ್ಮ ನುಡಿಯನ್ನು ತಿದ್ದುತ್ತದೆ. ಈ ಚಿಕಿತ್ಸೆಗೆ ಮೂಳೆಯ ಕಸಿ ಎನ್ನುತ್ತೇವೆ. ಪದ ತೋಟದಿಂದ ಬಂದದ್ದು. ಮಾವಿನ ಕಸಿಯಲ್ಲಿ ಕೊಟ್ಟ ಕೊಂಬೆಯೂ ಜೀವಂತ, ಪಡೆದ ಬುಡವೂ ಜೀವಂತ. ಕೊನೆಯವರೆಗೂ ಹಣ್ಣು ಕೊಂಬೆಯ ಜಾತಿಯದೇ. ದಾನದ ಮೂಳೆ ಹಾಗಲ್ಲ. ಅದು ಸತ್ತ ಮೂಳೆ. ಜೀವಕಣಗಳಿಲ್ಲ, ಅದರಿಂದಲೇ ಮೂತ್ರಪಿಂಡ ಪಡೆದವರಂತೆ ಜೀವಮಾನವಿಡೀ ಔಷಧ ನುಂಗುವ ಕಷ್ಟವೂ ಇಲ್ಲ. ಅದು ಕಸಿಯಲ್ಲ, ಚಪ್ಪರ. ಪಡೆದವನ ರಕ್ತನಾಳಗಳು ಬಳ್ಳಿಯಂತೆ ಆ ಚೂರುಗಳ ನಡುವೆ ಹಬ್ಬುತ್ತವೆ. ಅವನ ಕಣಗಳು ಹಳೆಯದನ್ನು ತಿಂದು ಆ ಜಾಗದಲ್ಲಿ ಹೊಸ ಮೂಳೆಯನ್ನು ಇಡುತ್ತವೆ. ವರ್ಷಗಳು ಕಳೆದಂತೆ ಚಪ್ಪರ ಕರಗಿ ಬಳ್ಳಿ ತಾನೇ ನಿಲ್ಲುತ್ತದೆ. ಎಲ್ಲ ಚೂರೂ ಹೀಗೆ ಬದಲಾಗುವುದಿಲ್ಲ. ದೊಡ್ಡ ತುಂಡಾಗಿ ಇಟ್ಟದ್ದರ ಒಡಲು ಬಹುಕಾಲ ಸತ್ತ ಮೂಳೆಯಾಗಿಯೇ ಉಳಿಯುವುದುಂಟು. ಒಟ್ಟಿನಲ್ಲಿ ಜಾತಿ ಕೇಳಿದವನಿಗೆ ಉತ್ತರ ಇದು: ಸ್ವಲ್ಪ ತಾಳು, ಅದು ನಿನ್ನದೇ ಜಾತಿಯಾಗುತ್ತದೆ. ಹಾಗೆ ನೋಡಿದರೆ ಹುಟ್ಟಿದಾಗ ತಂದ ಮೂಳೆಯೂ ನಮ್ಮಲ್ಲಿ ಯಾರಲ್ಲಿಯೂ ಉಳಿದಿಲ್ಲ. ದೇಹ ಅದನ್ನು ಸದಾ ಕೆಡವಿ ಕಟ್ಟುತ್ತಲೇ ಇರುತ್ತದೆ. ಊರ ತೇರಿನ ಗಾಲಿ, ಅಚ್ಚು, ತೊಲೆಗಳೆಲ್ಲ ಒಂದೊಂದಾಗಿ ಬದಲಾದರೂ ಅದು ಊರ ತೇರೇ.

ಮೈಲಿಗೆಯ ಪ್ರಶ್ನೆ ಹೀಗೆ ಹೇಗೋ ಸಾಗುತ್ತದೆ. ಋಣದ ಪ್ರಶ್ನೆ ಅಷ್ಟು ಸುಲಭವಾಗಿ ಸಾಗದು. ದೇವಋಣ, ಋಷಿಋಣ, ಪಿತೃಋಣ ಇವುಗಳಿಗೆ ವಿಳಾಸವಿದೆ, ತೀರಿಸುವ ವಿಧಿಯಿದೆ. ಹೆಸರು ಹೇಳದ ಮೂಳೆಯ ಋಣಕ್ಕೆ ವಿಳಾಸವಿಲ್ಲ. ಹೆಸರು ತಿಳಿದರೆ ಒಳ್ಳೆಯದಲ್ಲವೆ, ಒಂದು ಕಾಗದ ಬರೆಯಬಹುದಲ್ಲವೆ ಎಂದು ಕೆಲವರು ಕೇಳಿಯಾರು. ನನಗೆ ಹಾಗೆ ತೋರುವುದಿಲ್ಲ. ಹೆಸರು ತಿಳಿದೊಡನೆ ನಮ್ಮಲ್ಲಿ ಕೃತಜ್ಞತೆಗಿಂತ ಮೊದಲು ಲೆಕ್ಕಾಚಾರ ಹುಟ್ಟುತ್ತದೆ: ದೀಪಾವಳಿಗೆ ಏನು ಕಳಿಸಬೇಕು, ಅವರ ಮಗನ ಕೆಲಸಕ್ಕೆ ಶಿಫಾರಸು ಮಾಡಬೇಕೆ? ಕೊಟ್ಟವನಿಗೂ ಕ್ರಮೇಣ ತಾನು ದಧೀಚಿಯೆಂಬ ಭ್ರಮೆ ಬಂದೀತು. ಹೆಸರಿಲ್ಲದಿರುವುದು ಇಬ್ಬರನ್ನೂ ಕಾಯುತ್ತದೆ.

ತೀರಿಸುವ ದಾರಿಯೂ ಹಿಂದುಮುಂದಾಗಿದೆ. ಎರಡನೆಯ ಬಾರಿ ಬಂದವನ ಆ ತೊಡೆಯಲ್ಲಿ ಕೊಡಲು ಗುಂಡಿಲ್ಲ. ಕೊಡುವ ಕಾಲ ಅವನಿಗೆ ಮೊದಲ ಬಾರಿಯೇ ಬಂದುಹೋಯಿತು, ಸಾಲ ಹುಟ್ಟುವ ಮೊದಲೇ. ಇನ್ನೊಂದು ತೊಡೆಯೂ ಸವೆದಿದ್ದರೆ ಬೇರೆ ಮಾತು. ಆದ್ದರಿಂದ ಇಲ್ಲಿ ಕೊಡುವವರು ಯಾರೂ ಸಾಲ ತೀರಿಸುತ್ತಿಲ್ಲ. ಮುಂದೆ ತಮಗೇ ಬೇಕಾದೀತು ಎಂದು ಕೂಡಿಡುತ್ತಲೂ ಇಲ್ಲ. ಬ್ಯಾಂಕೆಂಬ ಹೆಸರಿದ್ದರೂ ಇಟ್ಟವರಿಗೆ ಇಲ್ಲಿ ಪಾಸ್‌ಬುಕ್ ಕೊಡುವುದಿಲ್ಲ. ಮೊದಲ ಶಸ್ತ್ರಚಿಕಿತ್ಸೆಗೆ ಆಸ್ಪತ್ರೆ ಸೇರುವವರು ನಿಮ್ಮ ಮನೆಯಲ್ಲಿ ಇದ್ದರೆ, ಅಲ್ಲಿ ಇಂಥ ಬ್ಯಾಂಕು ಇದೆಯೆ ಎಂದು ಮೊದಲೇ ವಿಚಾರಿಸಿ ಇಟ್ಟುಕೊಳ್ಳಬಹುದು. ಹಿಂದಿನ ರಾತ್ರಿಯ ಹತ್ತು ಕಾಗದಗಳ ನಡುವೆ ಅದನ್ನು ಹುಡುಕುವುದು ಕಷ್ಟ.

ಆರು ತಿಂಗಳ ಮೇಲೆ ಎರಡನೆಯ ಪರೀಕ್ಷೆಗೆ ಬರುವ ದಿನದ ವಿಷಯ ಎಲ್ಲಿಯೂ ಯಾರೂ ಬರೆಯುವುದಿಲ್ಲ. ಆ ಹೊತ್ತಿಗೆ ಅವಳ ನೋವು ಹೋಗಿರುತ್ತದೆ. ಆಸ್ಪತ್ರೆಯ ನೆನಪೂ ಬೇಡವಾಗಿರುತ್ತದೆ. ಬರದಿದ್ದರೆ ಕೇಳುವವರಿಲ್ಲ. ಶೈತ್ಯದಲ್ಲಿರುವ ಮೂಳೆಯನ್ನು ಕೆಲಸಕ್ಕೆ ಬಾರದ್ದೆಂದು ಎಸೆದುಬಿಡುತ್ತಾರೆ, ಅಷ್ಟೆ. ಆದರೂ ಕೆಲವರು ಬರುತ್ತಾರೆ. ಎರಡು ಬಸ್ಸು ಬದಲಾಯಿಸಿ, ಹೊಸ ಸೊಂಟದಲ್ಲಿ ಮೆಟ್ಟಿಲು ಹತ್ತಿ, ಬೆಂಚಿನ ಮೇಲೆ ಸರದಿ ಕಾದು, ರವಿಕೆಯ ತೋಳನ್ನು ಮೇಲಕ್ಕೆ ಸರಿಸಿ ಕೈ ಚಾಚುತ್ತಾರೆ. ಸೂಜಿ ಚುಚ್ಚಿದ ಕಡೆ ಹತ್ತಿಯನ್ನು ಒತ್ತಿಕೊಂಡು, ಬಂದ ದಾರಿಯಲ್ಲೇ ಬಸ್ಸಿಗೆ ಹೋಗುತ್ತಾರೆ.